ಪೂಜೆಗಿಟ್ಟ ಸ್ಪ್ಯಾನರ್

ನಮ್ಮ ಭಾವ ಸಣ್ಣತಿಮ್ಮಪ್ಪನವರು ಪಿಕಪ್ ಗಾಡಿಯನ್ನು ನನ್ನ ವೆಲ್ಡಿಂಗ್ ಶೆಡ್ಡಿನ ಮುಂದೆ ರಿವರ್ಸ್ ತಂದು ನಿಲ್ಲಿಸಿದಾಗ ಬೆಳಗ್ಗೆ ಒಂಬತ್ತು ಗಂಟೆ. ನಾಲ್ಕು ತಿಂಗಳ ಮೇಲೆ ಐಮಂಗಲದ ನಮ್ಮ ಬೀದಿಗೆ ಬಂದಿದ್ದರು. ಶೆಡ್ಡಿನ ಹಿಂದೆಯೇ ನಮ್ಮ ಮನೆ. ಆ ಮನೆಯ ಹೊಸ್ತಿಲು ತುಳಿಯಬೇಡ ಎಂದು, ಅವರ ಹೆಂಡತಿ ನಮ್ಮಕ್ಕನನ್ನು ಮಣ್ಣು ಮಾಡಿದ ದಿನವೇ ನಮ್ಮವ್ವ ಕೆಂಚಕ್ಕ ಅವರಿಗೆ ಹೇಳಿದ್ದಳು. ಅವರ ಐದು ವರ್ಷದ ಮಗಳು ಸುಚಿತ್ರಾ ಇರುವುದು ಆ ಮನೆಯೊಳಗೆ. ಅವರು ಗಾಡಿಯಿಂದಿಳಿದು ಮನೆಗೆ ಬೆನ್ನು ಮಾಡಿ ನಿಂತರು.

“ಪೆಟ್ಟಿಗೆ ಕೂರಿಸಿಕೊಡ್ತೀಯಾ ರಾಮಾಂಜಿ?” ಅಂದರು.

“ಹೂಂ” ಅಂದೆ. ಈಚೆಗೆ ನನಗೆ ಏನೂ ಹೊಳೆಯುವುದಿಲ್ಲ. ಹಸಿವಾಗುವುದು ತಿಳಿಯುವುದಿಲ್ಲ, ತಟ್ಟೆ ಮುಂದೆ ಬಂದರೆ ಉಣ್ಣುತ್ತೇನೆ. ಕಿಡಿ ಹಾರಿ ಮುಂಗೈ ಮೇಲೆ ಬಿದ್ದರೆ, ಸಂಜೆ ಕೈ ತೊಳೆಯುವಾಗ ಬೊಬ್ಬೆ ಕಂಡು ಓಹೋ ಸುಟ್ಟಿದೆ ಅಂದುಕೊಳ್ಳುತ್ತೇನೆ. ಜನ ಇದನ್ನು ಗಟ್ಟಿ ಮನಸ್ಸು ಅನ್ನುತ್ತಾರೆ. ಅನ್ನಲಿ, ಅವರ ಬಾಯಿ.

ಪೆಟ್ಟಿಗೆ ಅಂದರೆ ಒಂದು ಪುಟ್ಟ ಮನೆ. ಆಂಗಲ್ ಕಬ್ಬಿಣದ ಚೌಕಟ್ಟು, ತಗಡಿನ ಗೋಡೆ, ಒಂದು ಬಾಗಿಲು, ಒಂದು ಕಿಟಕಿ. ಒಳಗೆ ಒಂದು ಬದಿಗೆ ಒಲೆ ಕಟ್ಟೆ, ಇನ್ನೊಂದು ಬದಿಗೆ ಮಡಚುವ ಮಂಚ. ಪಿಕಪ್ಪಿನ ತೊಟ್ಟಿಯೊಳಗೆ ಸರಿಯಾಗಿ ಕೂರುವ ಹಾಗೆ ಮೂರು ವರ್ಷದ ಹಿಂದೆ ನಾನೇ ಮಾಡಿಕೊಟ್ಟಿದ್ದೆ. ಹೊಸದುರ್ಗದ ಕಡೆಯ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ರಿಪೇರಿ ಮಾಡುವ ಕೆಲಸಗಾರರಿಗೆ ಭಾವ ಮತ್ತು ನಮ್ಮಕ್ಕ ಚೌಡೇಶ್ವರಿ ಅಡುಗೆ ಮಾಡಿ ಹಾಕುತ್ತಿದ್ದರು. ಹತ್ತು ದಿನ ಈ ಗುಡ್ಡ, ಹದಿನೈದು ದಿನ ಆ ಗುಡ್ಡ. ಕೆಲಸ ಎತ್ತಲೋ ಮನೆಯೂ ಅತ್ತ. “ನಿಮಗೆಲ್ಲ ಇರೋದು ಒಂದೇ ಹಿತ್ತಲು, ನನಗೆ ಎಷ್ಟು ಹಿತ್ತಲು ನೋಡು” ಎಂದು ಅಕ್ಕ ಬಂದಾಗಲೆಲ್ಲ ಜಂಬ ಕೊಚ್ಚುತ್ತಿದ್ದಳು.

ಹೋದ ಆಯುಧಪೂಜೆಯ ದಿನ ಗುಡ್ಡದ ತಿರುವಿನಲ್ಲಿ ಆ ಪೆಟ್ಟಿಗೆ ಗಾಡಿಯಿಂದ ಕಳಚಿಕೊಂಡು ಇಳಿಜಾರಿಗೆ ಉರುಳಿತು. ಅಕ್ಕ ಅದರೊಳಗಿದ್ದಳು.

ಓಡುವ ಗಾಡಿಯ ಪೆಟ್ಟಿಗೆಯಲ್ಲಿ ಹೆಂಡತಿಯನ್ನು ಕೂರಿಸಿದ್ದು ಭಾವನ ತಪ್ಪು ಎಂದು ಎಲ್ಲರೂ ತೀರ್ಮಾನ ಮಾಡಿದರು. ಪೊಲೀಸರು ಅದನ್ನೇ ಬರೆದುಕೊಂಡರು. ನೆಂಟರು ಅದನ್ನೇ ಆಡಿಕೊಂಡರು. ಭಾವನೂ ತಲೆ ಬಗ್ಗಿಸಿ ಹೌದು ಅಂದರು. ಪೆಟ್ಟಿಗೆ ಕಳಚಿದ್ದು ಯಾಕೆ ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಅಂತ ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅದನ್ನು ಗಾಡಿಗೆ ಕೂರಿಸಿದವನು ನಾನು. ಸರಿಯಾಗಿ ಬಿಗಿಯದೆ ಕಳಿಸಿದವನೂ ನಾನೇ.

ಹಬ್ಬಕ್ಕೆಂದು ಪೆಟ್ಟಿಗೆ ಇಳಿಸಿ ತೊಳೆದು ಬಣ್ಣ ಹೊಡೆದಿದ್ದೆವು. ಮರುದಿನ ಹೊರಡುವುದು ಅಂತ ಇತ್ತು. ಆದರೆ ಗುಡ್ಡದ ಮೇಲಿನವರೂ ಯಂತ್ರಕ್ಕೆ ಪೂಜೆ ಇಟ್ಟುಕೊಂಡು, ಮಧ್ಯಾಹ್ನಕ್ಕೆ ಹೋಳಿಗೆ ಊಟ ಬೇಕೆಂದು ಬೆಳಗ್ಗೆ ಫೋನ್ ಮಾಡಿದರು. ಅಷ್ಟರಲ್ಲಿ ನನ್ನ ಹತಾರಗಳೆಲ್ಲ ಪಡಸಾಲೆಯ ಹಲಗೆ ಮೇಲೆ ಕುಂಕುಮ ಹಚ್ಚಿಕೊಂಡು, ಸೇವಂತಿಗೆ ಮುಡಿದು ಸಾಲಾಗಿ ಮಲಗಿದ್ದವು. ಪೂಜೆಗಿಟ್ಟಿದ್ದನ್ನು ಮರುದಿನ ಬೆಳಗ್ಗೆ ಇನ್ನೊಂದು ಸಲ ಕಾಯಿ ಒಡೆಯುವವರೆಗೆ ಯಾರೂ ಮುಟ್ಟುವಂತಿಲ್ಲ. ನಮ್ಮಲ್ಲಿ ಅದು ಹಾಗೆಯೇ.

ನಾನು ದೊಡ್ಡ ಸ್ಪ್ಯಾನರಿಗೆ ಕೈ ಚಾಚಿದೆ. ಅವ್ವ ಅಡ್ಡ ಬಂದಳು.

“ಪೂಜೆಗಿಟ್ಟಿದ್ದು ಮುಟ್ಟಬ್ಯಾಡ. ಕೈಲೇ ಬಿಗಿ, ಸಾಕು. ಒಂದು ದಿನದ ದಾರಿಗೆ ಏನಾಗುತ್ತೆ.”

ಪಂಕ್ಚರ್ ಅಂಗಡಿ ದಾಸಣ್ಣನ ಹತ್ತಿರ ಓಡಿದೆ. ಅವನ ಸ್ಪ್ಯಾನರ್ ಕೂಡ ಹೂವು ಮುಡಿದು ಕೂತಿತ್ತು. ಗಾಡಿಯೊಳಗಿನ ಹತಾರದ ಚೀಲವನ್ನು ಭಾವ ತಾವೇ ನಮ್ಮ ಹಲಗೆಯ ಮೇಲೆ ತಂದಿಟ್ಟಿದ್ದರು. ಇಡೀ ಊರಿನಲ್ಲಿ ಆ ದಿನ ಕೆಲಸಕ್ಕೆ ಬರುವ ಸ್ಪ್ಯಾನರ್ ಒಂದೂ ಇರಲಿಲ್ಲ. ನಾನು ಪೆಟ್ಟಿಗೆಯನ್ನು ಗಾಡಿಗೆ ಹಿಡಿದಿಡುವ ನಾಲ್ಕು ಕೊಂಡಿಗಳನ್ನೂ ಬರಿಗೈಯಲ್ಲಿ ತಿರುವಿ, ಒಮ್ಮೆ ಅಲುಗಾಡಿಸಿ ನೋಡಿ, ಗಟ್ಟಿ ಐತೆ ಹೋಗ್ರಿ ಅಂದೆ. ಹೋಳಿಗೆ ಸಾರಿನ ಪಾತ್ರೆ ತುಳುಕದಂತೆ ಹಿಡಿದುಕೊಳ್ಳಲು ಅಕ್ಕ ದಾರಿಯಲ್ಲೆಲ್ಲೋ ಹಿಂದೆ ಹತ್ತಿದಳಂತೆ.

ಈಗ ಮತ್ತೆ ಅದೇ ಪೆಟ್ಟಿಗೆ. ಪೊಲೀಸರು ಬಿಟ್ಟುಕೊಟ್ಟ ಮೇಲೆ ಶೆಡ್ಡಿಗೆ ತರಿಸಿ, ನೆಗ್ಗಿದ ತಗಡನ್ನು ಜನವರಿಯಲ್ಲೇ ತಟ್ಟಿ ನೇರ ಮಾಡಿದ್ದೆ. ಚೈನ್ ಪುಲ್ಲಿಯಲ್ಲಿ ಅದನ್ನು ಎತ್ತಿದೆ. ಭಾವ ಗಾಡಿಯನ್ನು ಅದರಡಿಗೆ ತಂದರು. ತೊಟ್ಟಿಯ ತಗಡಿನ ಮೇಲೆ ಪೆಟ್ಟಿಗೆ ಜಾರದಿರಲೆಂದು ಮೊದಲು ದಪ್ಪ ರಬ್ಬರ್ ಮ್ಯಾಟ್ ಹಾಸಿದೆವು. ಪೆಟ್ಟಿಗೆಯನ್ನು ಕ್ಯಾಬಿನ್ನಿಗೆ ಒತ್ತುವಷ್ಟು ಮುಂದೆ ತಳ್ಳಿ, ಎಡಬಲ ಉಳಿದ ಸಂದಿಗೆ ಮರದ ತುಂಡು ಹೊಡೆದೆ. ಗ್ಯಾಸ್ ಸಿಲಿಂಡರನ್ನೂ ಅಕ್ಕಿ ಡ್ರಮ್ಮನ್ನೂ ಮುಂದಿನ ಗೋಡೆಗೆ ಬೆಲ್ಟ್ ಹಾಕಿ ಕಟ್ಟಿದೆ. ಭಾರ ಹಿಂದಾದರೆ ಏರಿನಲ್ಲಿ ಗಾಡಿ ಮೂತಿ ಎತ್ತುತ್ತದೆ.

ಆಮೇಲೆ ಕೊಂಡಿಗಳು. ಪೆಟ್ಟಿಗೆಯ ನಾಲ್ಕು ಮೂಲೆಯಿಂದ ಗಾಡಿಯಡಿಯ ಚಾಸಿ ಚೌಕಟ್ಟಿಗೆ ಒಂದೊಂದು. ನಡುವಿನ ಕಂಬಿ ತಿರುವಿದಷ್ಟೂ ಅವು ಎಳೆದು ಹಿಡಿಯುತ್ತವೆ. ತಿರುವಿದ್ದು ತಾನೇ ಬಿಚ್ಚಿಕೊಳ್ಳದಂತೆ ಕೊನೆಗೊಂದು ಚೆಕ್‌ನಟ್. ಆ ನಟ್ಟನ್ನು ಸ್ಪ್ಯಾನರಿನಲ್ಲೇ ಬಿಗಿಯಬೇಕು. ಕೈಯಲ್ಲಿ ಎಷ್ಟೇ ಬಿಗಿದರೂ ಕಲ್ಲು ದಾರಿಯ ಕುಲುಕಿಗೆ ಅದು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಬಿಚ್ಚಿಕೊಳ್ಳುತ್ತದೆ. ಇದು ನನಗೆ ಅವತ್ತೂ ಗೊತ್ತಿತ್ತು.

ಭಾವ ಒಂದೊಂದು ನಟ್ ಬಿಗಿಯುವಾಗಲೂ ಪಕ್ಕದಲ್ಲಿ ನಿಂತು ನೋಡಿದರು. “ನಿನ್ನ ಕೈ ಮೇಲೆ ನನಗೆ ನಂಬಿಕೆ ಐತೆ ಕಣೋ. ಬೇರೆಯವರ ಹತ್ರ ಹೋಗಾಕೆ ಮನಸ್ಸು ಬರಲಿಲ್ಲ” ಅಂದರು.

ಮನೆಯೊಳಗಿನಿಂದ ಸುಚಿತ್ರಾ ಏನೋ ಪದ್ಯ ಹೇಳಿಕೊಳ್ಳುವುದು ಕೇಳಿಸಿತು. ಭಾವ ಗಾಡಿಯ ಬಾಗಿಲ ಮೇಲೆ ಕೈಯಿಟ್ಟು ಅದು ಮುಗಿಯುವವರೆಗೆ ಕೇಳಿದರು. ಆಮೇಲೆ ಅವ್ವ ಒಳಗಿನಿಂದ ಕದ ಹಾಕಿದಳು.

“ಹತ್ತು ಕಿಲೋಮೀಟರ್ ಹೋದ ಮೇಲೆ ನಿಲ್ಲಿಸಿ ಇನ್ನೊಂದು ಸಲ ಬಿಗೀಬೇಕು ಭಾವ. ಜೊತೆಗೆ ನಾನೂ ಬರ್ತೀನಿ” ಅಂದೆ. ಸ್ಪ್ಯಾನರ್ ತೆಗೆದುಕೊಂಡು ಹತ್ತಿ ಕೂತೆ.

ಹೈವೇ ಬಿಟ್ಟು ಹೊಸದುರ್ಗದ ಕಡೆಯ ಮಣ್ಣು ರಸ್ತೆಗೆ ತಿರುಗಿದೆವು. ಪರೀಕ್ಷೆಗೆ ಒಳ್ಳೆ ರಸ್ತೆ ಆಗುವುದಿಲ್ಲ. ಗುಂಡಿ ಬಂದಾಗ ಭಾವ ಎರಡನೇ ಗೇರಿಗೆ ಇಳಿಸಿ, ಗಾಡಿಯನ್ನು ಓರೆ ಮಾಡದೆ ನೇರವಾಗಿ ಇಳಿಸುತ್ತಿದ್ದರು. ಅರ್ಧ ಗಂಟೆಯಾದ ಮೇಲೆ ಒಂದು ಹುಣಸೇಮರದಡಿ ನಿಲ್ಲಿಸಿದರು. ನಾನು ಇಳಿದು ನಾಲ್ಕೂ ಕೊಂಡಿ ನೋಡಿದೆ. ಮೂರು ಹಾಗೇ ಇದ್ದವು. ಹಿಂದಿನ ಎಡಗಡೆಯದು ಸಡಿಲಾಗಿತ್ತು, ಬಿಗಿದಾಗ ಕಾಲು ಸುತ್ತು ತಿರುಗಿತು. ಸ್ಪ್ಯಾನರಿನಲ್ಲಿ ಬಿಗಿದ ಮೇಲೂ ಹತ್ತು ಕಿಲೋಮೀಟರಿಗೆ ಕಾಲು ಸುತ್ತು. ಬರಿಗೈಯಲ್ಲಿ ತಿರುವಿದ್ದು ಅವತ್ತು ಮೂವತ್ತು ಕಿಲೋಮೀಟರ್ ಹೇಗೆ ತಡೆಯಿತೋ ದೇವರೇ ಬಲ್ಲ. ನಾನು ಅಲ್ಲೇ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು ಹೇಳಿಬಿಟ್ಟೆ.

“ಭಾವ, ಅವತ್ತು ನಾನು ಇದನ್ನ ಬಿಗಿದಿರಲಿಲ್ಲ. ಸ್ಪ್ಯಾನರ್ ಪೂಜೇಲಿತ್ತು. ಕೈಲಿ ತಿರುವಿ ಕಳಿಸಿದೆ.”

ಅವರು ಬೀಡಿ ಹಚ್ಚಲು ಕಡ್ಡಿ ಗೀರಿದ್ದರು. ಅದು ಬೆರಳವರೆಗೆ ಉರಿದು ಆರಿತು.

“ಚೌಡಿಗೆ ಗೊತ್ತಿತ್ತಾ?”

“ಇಲ್ಲ.”

ಅವರು ಬಂದು ನನ್ನ ಕೈಯಿಂದ ಸ್ಪ್ಯಾನರ್ ತೆಗೆದುಕೊಂಡರು. ಹೊಡೆಯುತ್ತಾರೆ ಅಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು, ನೋವಾದರೂ ಆಗುತ್ತಿತ್ತು. ಅವರು ಬಗ್ಗಿ ಆ ಎಡಗಡೆಯ ನಟ್ಟಿಗೆ ಸ್ಪ್ಯಾನರ್ ಕೊಟ್ಟು, ಮೈ ಭಾರವೆಲ್ಲ ಹಾಕಿ ಒಮ್ಮೆ ಬಿಗಿದರು. ಸ್ಪ್ಯಾನರ್ ವಾಪಸ್ಸು ಕೊಟ್ಟು ಕಲ್ಲಿನ ಮೇಲೆ ಕೂತರು.

“ಹಿಂದೆ ಕುಂತ್ಕ ಅಂದೋನು ನಾನು. ಅದು ನಂದು, ಅದನ್ನ ನಾನು ಇಟ್ಕಂತೀನಿ. ನಿಂದು ಎಷ್ಟೈತೋ ಅಷ್ಟು ನೀನು ತಗಂಡೋಗು” ಅಂದರು. ಧ್ವನಿ ಏರಿರಲಿಲ್ಲ. “ನಾಲ್ಕು ತಿಂಗಳಿಂದ ನನ್ನ ಮಗಳನ್ನ ಅಂಗನವಾಡಿ ಬೇಲಿ ಆಚೆಯಿಂದ ನೋಡ್ಕಂಡು ಹೋಗ್ತಿದೀನಿ. ಅತ್ತೆಗೆ ಹೇಳು. ಶನಿವಾರ ಬರ್ತೀನಿ, ಬಾಗಿಲು ತೆಗೆದಿರಬೇಕು.”

ಹೂಂ ಅಂದೆ. ಸ್ಪ್ಯಾನರ್ ಮುಟ್ಟಬೇಡ ಅಂದವಳು ಅವ್ವ ಎಂದು ಅವರಿಗೆ ಹೇಳಲಿಲ್ಲ. ಗಾಡಿ ಗುಡ್ಡದ ಕಡೆ ಹೋಯಿತು. ಪೆಟ್ಟಿಗೆ ಅಲುಗಲಿಲ್ಲ. ನಾನು ಹಾಲಿನ ಟೆಂಪೋ ಒಂದಕ್ಕೆ ಕೈ ತೋರಿಸಿ ಹತ್ತಿಕೊಂಡೆ.

ದಾರಿಯುದ್ದಕ್ಕೂ ಒಂದೇ ಲೆಕ್ಕ. ಅವ್ವನಿಗೆ ಹೇಳದಿದ್ದರೆ ಮಗು ಅಪ್ಪನಿಗೆ ಸಿಗುವುದಿಲ್ಲ. ಹೇಳಿದರೆ, ಸ್ಪ್ಯಾನರ್ ಯಾಕೆ ಹಾಕಲಿಲ್ಲ ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತದೆ. ಅಲ್ಲಿ ಅವ್ವನೇ ನಿಂತಿದ್ದಾಳೆ. ಮಗಳನ್ನು ಕಳೆದುಕೊಂಡವಳಿಗೆ ಮಗ ಹೋಗಿ, ಅದು ನಿನ್ನಿಂದಲೇ ಅನ್ನುವುದು ಹೇಗೆ? ಕೊನೆಗೆ ಒಂದು ದಾರಿ ಕಂಡಿತು. ಬಿಗಿಯಲಿಲ್ಲ ಅನ್ನುವುದು, ಯಾಕೆ ಅನ್ನುವುದನ್ನು ನನ್ನ ಮೇಲೆ ಎಳೆದುಕೊಳ್ಳುವುದು. ನಾನು ಸೋಮಾರಿ ಅಂದರೆ ಊರಲ್ಲಿ ನಂಬದವರು ಯಾರೂ ಇಲ್ಲ.

ಮನೆಗೆ ಬಂದಾಗ ನಾಲ್ಕು ಗಂಟೆ. ಸುಚಿತ್ರಾ ಪಕ್ಕದ ಮನೆಗೆ ಆಡಲು ಹೋಗಿದ್ದಳು. ಅವ್ವ ಪಡಸಾಲೆಯಲ್ಲಿ ಮೊರದ ತುಂಬ ಕಡಲೆಕಾಯಿ ಹಾಕಿಕೊಂಡು ಬೀಜ ಬಿಡಿಸುತ್ತಿದ್ದಳು. ತಲೆಯೆತ್ತದೆ ಕೇಳಿದಳು.

“ಹೋದನಾ?”

“ಹೋದರು.”

“ಸರಿಯಾಗಿ ಬಿಗಿದ್ಯಾ?”

“ಎರಡು ಸಲ ಬಿಗಿದೆ.”

ಅವಳು ನಾಲ್ಕೈದು ಕಾಯಿ ಬಿಡಿಸಿದಳು. ಆಮೇಲೆ ಕೇಳಿದಳು, “ಅವತ್ತೂ ಹಿಂಗೇ ಬಿಗಿದಿದ್ದೆ ಅಲ್ಲೇನಪ್ಪ?”

ನಾಲ್ಕು ತಿಂಗಳಲ್ಲಿ ಈ ಮಾತು ಕೇಳಿದ ಮೊದಲನೆಯವಳು ಅವಳು. ಹೂಂ ಅಂದುಬಿಟ್ಟರೆ ಎಲ್ಲ ಇದ್ದ ಹಾಗೇ ಇರುತ್ತಿತ್ತು. ಹಾಗೆ ಅನ್ನಬೇಕೆಂದು ಆಸೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ.

“ಇಲ್ಲವ್ವ” ಅಂದೆ. “ಭಾವಂದೇ ಪೂರ್ತಿ ತಪ್ಪಲ್ಲ. ನಾನು ಬಿಗೀಲಿಲ್ಲ. ಹಬ್ಬದ ದಿನ ಯಾರು ಕೆಲಸ ಮಾಡ್ತಾರೆ ಅಂತ ಸೋಮಾರಿತನ ಮಾಡಿ ಕೈಲೇ ತಿರುವಿ ಬಿಟ್ಟೆ. ಮಗೂನ ಅವರಿಗೆ ತೋರಿಸು. ಶನಿವಾರ ಬರ್ತಾರೆ.”

ಅವ್ವನ ಕೈ ನಿಂತಿತು. ಅಳುತ್ತಾಳೆ, ಇಲ್ಲ ಮೊರ ಎತ್ತಿ ನನ್ನ ಮೇಲೆ ಎಸೆಯುತ್ತಾಳೆ ಅಂತ ಕಾದೆ. ಅವಳು ಮಡಿಲಿನ ಸಿಪ್ಪೆ ಕೊಡವಿಕೊಂಡಳು. ನನ್ನನ್ನು ನೋಡಲಿಲ್ಲ.

“ಸುಳ್ಳು ಯಾಕೆ ಹೇಳ್ತೀಯೋ” ಅಂದಳು. “ನೀನು ತಗಳಾಕೆ ಬಂದಿದ್ದೆ. ಬ್ಯಾಡ ಅಂದೋಳು ನಾನು.”

ನಾನು ಗೋಡೆಗೆ ಒರಗಿ ಕೂತೆ.

“ನೀನು ಮರೆತಿದ್ದೀಯ ಅಂದ್ಕಂಡಿದ್ದೆ” ಅಂದಳು ಅವ್ವ. “ದಿನಾ ದೀಪ ಹಚ್ಚುವಾಗ ಅದನ್ನೇ ಬೇಡ್ಕಂತಿದ್ದೆ. ಇವನಿಗೆ ನೆನಪಾಗದಿರಲಿ ಅಂತ.”

ಸ್ಪ್ಯಾನರ್ ಇನ್ನೂ ನನ್ನ ಕೈಯಲ್ಲೇ ಇತ್ತು. ಎದೆಯೊಳಗೆ ಎಲ್ಲೋ ನೋಯತೊಡಗಿತು. ನಾಲ್ಕು ತಿಂಗಳ ಮೇಲೆ ಅದು ನೋವೇ ಅಂತ ಗುರುತು ಹಿಡಿಯಲು ಸ್ವಲ್ಪ ಸಮಯ ಬೇಕಾಯಿತು. ಹೊರಗೆ ಸುಚಿತ್ರಾ ಬರುವ ಸದ್ದು ಕೇಳಿತು. ಅವ್ವ ಸೆರಗಿನಲ್ಲಿ ಮುಖ ಒರೆಸಿಕೊಂಡು ಮೊರವನ್ನು ಮತ್ತೆ ಹತ್ತಿರ ಎಳೆದುಕೊಂಡಳು.

“ಶನಿವಾರ ಬಾಗಿಲು ನೀನೇ ತೆಗಿ” ಅಂದಳು. “ಮಗೂನ ಅವನ ಕೈಗೆ ಕೊಡು. ನಾನು ಹಿತ್ತಲಲ್ಲಿರ್ತೀನಿ. ಅವನ ಮುಖ ನೋಡಾಕೆ ನನ್ನ ಕೈಲಾಗಲ್ಲ.”