ಶುಕ್ರವಾರದ ಸೂಜಿ

ಸೊಸೆಯ ಉಚ್ಚೆಯ ಕ್ಯಾನು ಹಿಡಿದುಕೊಂಡು ಬೆಂಗಳೂರಿಗೆ ಹೋಗುವ ಕೆಲಸ ತನ್ನ ಪಾಲಿಗೆ ಬರುತ್ತದೆಂದು ಸುಗಟೂರಿನ ಆವಲಪ್ಪ ಕನಸಿನಲ್ಲೂ ಎಣಿಸಿರಲಿಲ್ಲ.

ಹೋಗಬೇಕಾಗಿದ್ದವನು ಮಗ ಮುನಿಶಾಮಿ. ಆದರೆ ಎಂಬತ್ತೆರಡನೇ ಇಸವಿಯ ಸಂಕ್ರಾಂತಿ ಕಳೆದ ಆ ಬುಧವಾರ, ಬೆಳಗಾಗುವಷ್ಟರಲ್ಲಿ ಮನೆಯ ರೇಷ್ಮೆಹುಳುಗಳೆಲ್ಲ ಒಟ್ಟಿಗೇ ಹಣ್ಣಾಗಿಬಿಟ್ಟಿದ್ದವು. ಸೊಪ್ಪು ತಿನ್ನುವುದನ್ನು ಬಿಟ್ಟು ಗೂಡು ಕಟ್ಟಲು ತಲೆಯೆತ್ತಿ ಹುಡುಕಾಡುವ ಹುಳುಗಳನ್ನು ಒಂದೊಂದಾಗಿ ಆರಿಸಿ ಬಿದಿರಿನ ತಟ್ಟಿಗೆ, ಚಂದ್ರಿಕೆಗೆ, ಬಿಡಬೇಕು. ತಡವಾದರೆ ತಿಂಗಳ ದುಡಿಮೆಯೆಲ್ಲ ಮಣ್ಣುಪಾಲು. ಮುನಿಶಾಮಿ, ಅವನ ತಾಯಿ ದೊಡ್ಡಮುನಿಯಮ್ಮ, ಇಬ್ಬರು ಆಳುಗಳು ಕೂತರೂ ಕೈ ಸಾಲದು. ಆವಲಪ್ಪನ ಕಣ್ಣು ಮಂಜಾಗಿ ಎರಡು ವರ್ಷವಾಗಿತ್ತು. ಹಣ್ಣಾದ ಹುಳು ಯಾವುದು, ಆಗದ್ದು ಯಾವುದು ಅವನಿಗೆ ತಿಳಿಯುತ್ತಿರಲಿಲ್ಲ. ಹಾಗಾಗಿ ಮನೆಯಲ್ಲಿ ಬಿಡುವಾಗಿದ್ದವನು ಅವನೊಬ್ಬನೇ.

"ಅಪ್ಪಾ, ನೀನೇ ಹೋಗ್ಬೇಕು," ಎಂದ ಮುನಿಶಾಮಿ, ಮುಖ ನೋಡದೆ. "ಇವತ್ತೇ ತಲುಪಬೇಕಂತೆ. ನಾಳೆಗೆ ಕೆಡುತ್ತೆ."

ಬಚ್ಚಲಿನ ಮೂಲೆಯಲ್ಲಿ ಒದ್ದೆ ಗೋಣಿಚೀಲ ಸುತ್ತಿದ ಬಿಳಿ ಪ್ಲಾಸ್ಟಿಕ್ ಕ್ಯಾನು ಕೂತಿತ್ತು. ನಿನ್ನೆ ಬೆಳಿಗ್ಗೆ ಆರರಿಂದ ಇವತ್ತು ಬೆಳಿಗ್ಗೆ ಆರರವರೆಗೆ ಸೊಸೆ ಭಾರತಮ್ಮ ಒಂದು ತೊಟ್ಟೂ ಬಿಡದೆ ಅದರಲ್ಲಿ ಹಿಡಿದಿಟ್ಟಿದ್ದಳು. ದೊಡ್ಡಮುನಿಯಮ್ಮ ನಿನ್ನೆಯೆಲ್ಲ ಗೊಣಗಿದ್ದೇ ಗೊಣಗಿದ್ದು. "ಉಚ್ಚೆ ಅಳೆದ್ರೆ ಮಗು ನಿಲ್ಲುತ್ತೇನೇ? ನಾವೆಲ್ಲ ಹೆರಲಿಲ್ವಾ?"

ಭಾರತಮ್ಮ ಅತ್ತೆಗೆ ಎದುರು ಮಾತಾಡುವವಳಲ್ಲ, ಆದರೆ ಹಿಡಿದದ್ದನ್ನು ಬಿಡುವವಳೂ ಅಲ್ಲ. ಶ್ರೀನಿವಾಸಪುರದ ಕಡೆಯ ಹುಡುಗಿ, ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು. ಹಿಂದಿನ ವರ್ಷ ಅವಳ ಮೊದಲ ಬಸಿರು ಮೂರನೇ ತಿಂಗಳಲ್ಲಿ ಇಳಿದುಹೋಗಿತ್ತು. ಆಗ ಊರವರು ತಲೆಗೊಂದು ಕಾರಣ ಹುಡುಕಿದ್ದರು. ಪರಂಗಿಹಣ್ಣು ತಿಂದಳು, ಹಿಪ್ಪುನೇರಳೆ ಸೊಪ್ಪಿನ ಹೊರೆ ಎತ್ತಿದಳು, ಮೈಯಲ್ಲಿ ಉಷ್ಣ ಜಾಸ್ತಿ. ಎಲ್ಲ ಮಾತೂ ತಿರುಗಿ ಬಂದು ಅವಳ ಮೇಲೇ ಕೂರುತ್ತಿತ್ತು. ಕೋಲಾರದಲ್ಲಿ ಸಣ್ಣ ನರ್ಸಿಂಗ್ ಹೋಂ ನಡೆಸುತ್ತಿದ್ದ ಡಾಕ್ಟರು ವೆಂಕಟರತ್ನಮ್ಮ ಮಾತ್ರ ಬೇರೆ ಮಾತು ಹೇಳಿದ್ದರು: "ಮುಂದಿನ ಸಲ ಮುಟ್ಟು ನಿಂತ ಹದಿನೈದು ದಿನಕ್ಕೇ ಬಾ. ಹೊಟ್ಟೆ ಕಾಣೋವರೆಗೂ ಕಾಯಬೇಡ." ಅವಳು ಹದಿನಾರನೇ ದಿನಕ್ಕೆ ಹೋಗಿ ಕೂತಿದ್ದಳು. ಮಗುವನ್ನು ಹಿಡಿದಿಟ್ಟುಕೊಳ್ಳುವ ಒಂದು ರಸ ಮೈಯಲ್ಲೇ ಊರುತ್ತದೆ, ಹಾರ್ಮೋನು ಅಂತಾರೆ, ಅದು ಸಾಲುತ್ತದೋ ಇಲ್ಲವೋ ಒಂದು ದಿನದ ಮೂತ್ರವೆಲ್ಲ ಪರೀಕ್ಷೆ ಮಾಡಿದರೆ ಗೊತ್ತಾಗುತ್ತದೆ ಎಂದು ಹೇಳಿ ಡಾಕ್ಟರೇ ಕ್ಯಾನು ಕೊಟ್ಟು ಕಳಿಸಿದ್ದರು. ಬೆಂಗಳೂರಿನವರೆಗೆ ಬಸ್ಸಿನಲ್ಲಿ ಕುಲುಕಾಡುವುದು ಬೇಡ, ಬೇರೆ ಯಾರಾದರೂ ತೆಗೆದುಕೊಂಡು ಹೋಗಲಿ ಎಂದೂ ಹೇಳಿದ್ದರು.

ಆವಲಪ್ಪ ಒಗೆದ ಪಂಚೆ ಉಟ್ಟು ಹೊರಟಾಗ ಭಾರತಮ್ಮ ಬಾಗಿಲ ಮರೆಯಲ್ಲಿ ನಿಂತಿದ್ದಳು. ನಾಚಿಕೆಗೆ ಮುಖ ಕೆಂಪಾಗಿತ್ತು. "ಮಾವಾ, ಚೆಲ್ಲಬಾರದಂತೆ," ಎಂದಷ್ಟೇ ಹೇಳಿದಳು.

ಕೋಲಾರದಲ್ಲಿ ಬೆಂಗಳೂರು ಬಸ್ಸು ಹತ್ತಿದಾಗ ಕಾಲಿಡಲು ಜಾಗವಿರಲಿಲ್ಲ. ಕ್ಯಾನನ್ನು ಎದೆಗವುಚಿಕೊಂಡು ನಿಂತ. ತರಕಾರಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಒಬ್ಬ ಹೆಂಗಸು ಅನುಮಾನದಿಂದ ನೋಡಿದಳು. ಕಂಡಕ್ಟರು ಬಂದವನೇ, "ಯಜಮಾನ್ರೇ, ಕ್ಯಾನ್ ಮೇಲಕ್ಕೆ ಹಾಕ್ಸಿ," ಎಂದ.

"ಆಗಲ್ಲಪ್ಪ."

"ಯಾಕೆ? ಏನದು, ಸಾರಾಯಿನಾ?"

ಹಿಂದಿನಿಂದ ಯಾರೋ ನಕ್ಕರು. "ಅಷ್ಟು ಜ್ವಾಪಾನ ಮಾಡೋದು ನೋಡಿದ್ರೆ ಜೇನುತುಪ್ಪ ಇರ್ಬೇಕು ಕಣೋ," ಎಂದ ಇನ್ನೊಬ್ಬ. ಆವಲಪ್ಪ ಸುಳ್ಳು ಹುಡುಕಿದ. ಔಷಧ ಅನ್ನಬಹುದಿತ್ತು. ಎಣ್ಣೆ ಅನ್ನಬಹುದಿತ್ತು. ಬಾಯಿಗೆ ಬಂದದ್ದು ಮಾತ್ರ ನಿಜವೇ.

"ಉಚ್ಚೆ ಕಣಪ್ಪಾ. ನನ್ನ ಸೊಸೇದು. ಹೋದ ವರ್ಷ ಹೊಟ್ಟೇಲಿದ್ದ ಕೂಸು ನಿಲ್ಲಲಿಲ್ಲ. ಈ ಸಲ ಮುಂಚೇನೇ ಪರೀಕ್ಷೆ ಮಾಡ್ತಾರಂತೆ. ಒಂದು ತೊಟ್ಟು ಚೆಲ್ಲಿದ್ರೂ ಲೆಕ್ಕ ತಪ್ಪುತ್ತಂತೆ."

ತರಕಾರಿ ಹೆಂಗಸು ಬುಟ್ಟಿಯನ್ನು ತೊಡೆಯ ಮೇಲೆ ಎಳೆದುಕೊಂಡು, "ಬಾ ಅಣ್ಣಾ, ಕೂತ್ಕೊ," ಎಂದು ಜಾಗ ಬಿಟ್ಟಳು. ಕಂಡಕ್ಟರು ಟಿಕೆಟ್ ಹರಿದುಕೊಟ್ಟು ಮುಂದಕ್ಕೆ ಕೂಗಿದ: "ಡ್ರೈವರಣ್ಣಾ, ಗುಂಡಿ ನೋಡ್ಕೊಂಡು ಓಡ್ಸು!"

ದಾರಿಯುದ್ದಕ್ಕೂ ಆ ಹೆಂಗಸು ತನ್ನ ಮಗಳ ಕಥೆ ಹೇಳಿದಳು. ಎರಡು ಹೋಗಿ ಮೂರನೆಯದು ಉಳಿದಿತ್ತಂತೆ, ಈಗ ಶಾಲೆಗೆ ಹೋಗುತ್ತದಂತೆ. ಕೇಳುತ್ತಾ ಕೇಳುತ್ತಾ ಆವಲಪ್ಪನಿಗೆ ತನ್ನ ಹೆಂಡತಿ ನೆನಪಾದಳು. ಮುನಿಶಾಮಿ ಹುಟ್ಟುವ ಮೊದಲು ದೊಡ್ಡಮುನಿಯಮ್ಮನಿಗೂ ಎರಡು ಸಲ ಹೀಗಾಗಿತ್ತು. ಎರಡನೆಯ ಸಲ, ಮೂರು ದಿನ ಕಳೆಯುವಷ್ಟರಲ್ಲಿ ಅವಳು ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದಳು. ಅವನು ಪಕ್ಕದ ಸಾಲಿನಲ್ಲೇ ಇದ್ದ. ಏನನ್ನೂ ಕೇಳಿರಲಿಲ್ಲ. ಅದು ಗಂಡಸು ಕೇಳುವ ವಿಷಯವೆಂದೇ ಅವನಿಗೆ ತೋಚಿರಲಿಲ್ಲ.

ಬೆಂಗಳೂರಿನಲ್ಲಿ ಇಬ್ಬರನ್ನು ವಿಚಾರಿಸಿ, ಒಮ್ಮೆ ದಾರಿ ತಪ್ಪಿ, ಊಟದ ಹೊತ್ತಿಗೆ ಆ ಲ್ಯಾಬು ಸಿಕ್ಕಿತು. ಕಿಟಕಿಯಲ್ಲಿದ್ದ ಹುಡುಗಿ ಡಾಕ್ಟರ ಚೀಟಿ ಓದಿ, ಕ್ಯಾನನ್ನು ಬೆಳಕಿಗೆ ಹಿಡಿದು ನೋಡಿದಳು. "ದಾರೀಲಿ ಚೆಲ್ಲಲಿಲ್ಲ ತಾನೇ?" ಎಂದಳು. "ಇಲ್ಲಮ್ಮಾ, ಮಗು ಎತ್ಕೊಂಡಂಗೆ ತಂದಿದೀನಿ," ಎಂದ. ಹುಡುಗಿ ನಕ್ಕು ರಸೀತಿ ಬರೆದುಕೊಟ್ಟಳು.

ಊರಿಗೆ ಬಂದಾಗ ದೀಪ ಹಚ್ಚುವ ಹೊತ್ತು. ಹುಳುಗಳೆಲ್ಲ ಚಂದ್ರಿಕೆ ಸೇರಿದ್ದವು. ದೊಡ್ಡಮುನಿಯಮ್ಮ ಮುದ್ದೆ ಬಡಿಸುತ್ತಿದ್ದಾಗ ಅವನು ತಟ್ಟೆ ನೋಡುತ್ತಲೇ ಕೇಳಿದ: "ಆಗ ನಿಂಗೂ ಎರಡು ಹೋಯ್ತಲ್ಲ... ತುಂಬಾ ನೋವಾಯ್ತಾ?"

ಅವಳ ಕೈ ನಿಂತಿತು. "ಮೂವತ್ತು ವರ್ಷ ಆದ್ಮೇಲೆ ಕೇಳ್ತಿದೀಯ?"

"ಈಗ ಕೇಳ್ಬೇಕು ಅನ್ನಿಸ್ತು."

"ನೋವಾಯ್ತು," ಎಂದಳು ಅವಳು. ಸಾರು ಬಿಟ್ಟಳು. ಸೌಟು ಕೆಳಗಿಟ್ಟು, "ಎರಡನೇದು ಹೋದಾಗ ಜಾಸ್ತಿ," ಎಂದಳು. ಆಮೇಲೆ ಉಚ್ಚೆ ಅಳೆಯುವ ಮಾತು ಅವಳ ಬಾಯಿಂದ ಮತ್ತೆ ಬರಲಿಲ್ಲ.

ಹತ್ತು ದಿನಕ್ಕೆ ಲ್ಯಾಬಿನಿಂದ ಡಾಕ್ಟರಿಗೆ ಕಾಗದ ಬಂತು. ಮುನಿಶಾಮಿ ಗೂಡು ಮಾರಲು ಹೋಗಿದ್ದ; ಭಾರತಮ್ಮನನ್ನು ಕರೆದುಕೊಂಡು ಹೋದವನೂ ಆವಲಪ್ಪನೇ. ಕೋಲಾರ ಹತ್ತಿರವೇ, ಮುಂದಿನ ಸೀಟಿನಲ್ಲಿ ಕೂತು ನಿಧಾನವಾಗಿ ಬರಲಿ ಎಂದು ಡಾಕ್ಟರು ಹೇಳಿಕಳಿಸಿದ್ದರು. ಅವನು ಹೊರಗಿನ ಬೆಂಚಿನಲ್ಲಿ ಕೂರಲು ಹೊರಟರೆ ವೆಂಕಟರತ್ನಮ್ಮ, "ನೀವೂ ಒಳಗೆ ಬನ್ನಿ ಯಜಮಾನ್ರೇ, ಅಷ್ಟು ದೂರ ಹೊತ್ಕೊಂಡು ಹೋದವರು," ಎಂದರು.

"ಕಡಿಮೆ ಇದೆ," ಎಂದರು ಕಾಗದ ಓದಿ. "ತುಂಬಾ ಅಲ್ಲ. ವಾರಕ್ಕೊಂದು ಇಂಜೆಕ್ಷನ್ ಕೊಡ್ತೀನಿ, ನಾಲ್ಕು ತಿಂಗಳು ತುಂಬೋವರೆಗೂ. ಇದರಿಂದ ಮಗು ನಿಂತೇ ನಿಲ್ಲುತ್ತೆ ಅಂತ ನಾನು ಪ್ರಮಾಣ ಮಾಡಲ್ಲ. ಕೆಲವು ದೊಡ್ಡ ಡಾಕ್ಟ್ರು ಇದು ಒಳ್ಳೇದು ಅಂತಾರೆ, ಕೆಲವರು ಇದರಿಂದ ಏನೂ ಇಲ್ಲ ಅಂತಾರೆ. ಆದ್ರೆ ವಾರ ವಾರ ನಿನ್ನನ್ನ ನಾನು ನೋಡಿದ ಹಾಗಾಗುತ್ತೆ." ಕನ್ನಡಕ ತೆಗೆದು ಭಾರತಮ್ಮನತ್ತ ಬಗ್ಗಿದರು. "ಒಂದು ಮಾತು ಮಾತ್ರ ಪ್ರಮಾಣ ಮಾಡಿ ಹೇಳ್ತೀನಿ. ಹೋದ ಸಲ ಹೋಗಿದ್ದು ನೀನು ಹೊರೆ ಎತ್ತಿದ್ದಕ್ಕಲ್ಲ, ಹಣ್ಣು ತಿಂದಿದ್ದಕ್ಕೂ ಅಲ್ಲ. ಹೆದರಬೇಡ." ಆಮೇಲೆ ಅವಳ ತವರಿನ ತೆಲುಗಿನಲ್ಲೂ ಅದನ್ನೇ ಹೇಳಿದರು: "ಭಯಪಡಕು ತಲ್ಲೀ."

ಭಾರತಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು. ಒಂದು ವರ್ಷದಿಂದ ಮನೆಯಲ್ಲಿ ಯಾರೂ ಅವಳು ಅತ್ತದ್ದನ್ನು ಕಂಡಿರಲಿಲ್ಲ. ಆವಲಪ್ಪ ಮನೆಗೆ ಬಂದವನೇ ಜಗಲಿಯ ಮೇಲೆ ನಿಂತು, ಪಕ್ಕದ ಮನೆಗೂ ಕೇಳುವ ಹಾಗೆ, ಡಾಕ್ಟರ ಆ ಮಾತನ್ನು ಹೆಂಡತಿಗೆ ಹೇಳಿದ.

ಅಂದಿನಿಂದ ಶುಕ್ರವಾರವೆಂದರೆ ಸೂಜಿಯ ದಿನ. ಎಂಟು ಗಂಟೆ ಬಸ್ಸಿಗೆ ಮಾವ ಸೊಸೆ ಇಬ್ಬರೂ ಹೊರಡುವರು. ಎಣ್ಣೆಯಂಥ ದಪ್ಪ ಮದ್ದು. ಸೊಂಟದ ಕೆಳಗೆ ಚುಚ್ಚಿದರೆ ಎರಡು ದಿನ ಗಂಟು ಕಟ್ಟಿ ನೋಯುತ್ತಿತ್ತು. ಬರುವಾಗ ಆವಲಪ್ಪ ಟವಲನ್ನು ನಾಲ್ಕು ಮಡಿಕೆ ಮಾಡಿ ಸೀಟಿಗೆ ಹಾಕಿಕೊಡುವನು. ಮೊದಲ ವಾರ ಇಬ್ಬರೂ ಕಿಟಕಿಯಾಚೆ ನೋಡಿಕೊಂಡೇ ಬಂದರು. ಎರಡನೆಯ ವಾರ ಹೋಟೆಲಿನಲ್ಲಿ ಇಡ್ಲಿ ತಿಂದರು. ಮೂರನೆಯ ವಾರಕ್ಕೆ ಅವಳು, ತನಗೆ ಲೆಕ್ಕದಲ್ಲಿ ತೊಂಬತ್ತೊಂದು ಬಂದಿತ್ತೆಂದೂ ಕಾಲೇಜಿಗೆ ಹೋಗಬೇಕೆಂದಿತ್ತೆಂದೂ ಹೇಳಿದಳು. ಅವನಿಗೆ ಗೊತ್ತೇ ಇರಲಿಲ್ಲ. ಮೂರು ವರ್ಷದಿಂದ ಅವಳು ಮಾಡಿದ ಮುದ್ದೆ ಉಣ್ಣುತ್ತಿದ್ದ.

ನಾಲ್ಕನೆಯ ವಾರ, ಸೋಮವಾರ ಮಧ್ಯಾಹ್ನ, ಭಾರತಮ್ಮ ಬಚ್ಚಲಿನಿಂದ ಬಿಳಿಚಿಕೊಂಡು ಬಂದು ಗೋಡೆ ಹಿಡಿದು ನಿಂತಳು. "ಮಾವಾ, ಕೆಂಪು ಕಾಣಿಸ್ತು." ಹೋದ ಸಲವೂ ಸರಿಸುಮಾರು ಇದೇ ದಿನಗಳಲ್ಲಿ ಶುರುವಾಗಿತ್ತು. ದೊಡ್ಡಮುನಿಯಮ್ಮ ಕೋಲಾರಮ್ಮನ ಹೆಸರಲ್ಲಿ ಹರಕೆಯ ಕಾಸು ಕಟ್ಟಿಟ್ಟು ತಾನೂ ಜೊತೆಗೆ ಹೊರಟಳು. ಮುನಿಶಾಮಿ ಯಾರದೋ ಜೀಪು ಕರೆತಂದ. ಡಾಕ್ಟರು ಪರೀಕ್ಷೆ ಮಾಡಿ, ಗರ್ಭದ ಬಾಯಿ ಮುಚ್ಚಿಯೇ ಇದೆ, ಕಾಲು ಎತ್ತರಿಸಿ ಮಲಗಲಿ ಎಂದು ಮೂರು ದಿನ ಅಲ್ಲೇ ಇಟ್ಟುಕೊಂಡರು. ಮೂರು ದಿನವೂ ಅತ್ತೆ ಮಂಚದ ಪಕ್ಕದಿಂದ ಏಳಲಿಲ್ಲ. ಒಮ್ಮೆ ಆವಲಪ್ಪ ಒಳಗೆ ಇಣುಕಿದಾಗ ಅವಳು ಸೊಸೆಯ ಕಾಲು ಒತ್ತುತ್ತಾ ತನ್ನ ಎರಡರ ಕಥೆ ಮೆಲ್ಲಗೆ ಹೇಳುತ್ತಿದ್ದಳು. ಅವನು ಸದ್ದಾಗದಂತೆ ಹಿಂದಕ್ಕೆ ಬಂದು ಬೆಂಚಿನ ಮೇಲೆ ಕೂತ. ಕೆಂಪು ನಿಂತಿತು. ಮತ್ತೆ ಕಾಣಿಸಿಕೊಳ್ಳಲಿಲ್ಲ.

ನಾಲ್ಕು ತಿಂಗಳು ತುಂಬಿತು. "ಸೂಜಿ ಸಾಕು, ಇನ್ನು ತಿಂಗಳಿಗೊಂದ್ಸಲ ಬಂದ್ರೆ ಆಯ್ತು," ಎಂದರು ವೆಂಕಟರತ್ನಮ್ಮ. ಮುಂದಿನ ಶುಕ್ರವಾರ ಆವಲಪ್ಪ ಎಂದಿನಂತೆ ಸ್ನಾನ ಮಾಡಿ ಒಗೆದ ಅಂಗಿ ತೊಟ್ಟು ಜಗಲಿಗೆ ಬಂದ. ಆಮೇಲೆ ನೆನಪಾಯಿತು. ಅಂಗಿ ಬಿಚ್ಚಲು ಮನಸ್ಸಾಗದೆ ತೋಟದ ಕಡೆ ನಡೆದ.

ಗಣೇಶನ ಹಬ್ಬ ಕಳೆದು ಹದಿನೈದು ದಿನಕ್ಕೆ ಕೋಲಾರದಲ್ಲೇ ಹೆರಿಗೆಯಾಯಿತು. ಹೆಣ್ಣು ಮಗು. ಅತ್ತರೆ ಬೀದಿಗೆ ಕೇಳಬೇಕು, ಅಂಥ ಗಂಟಲು. ದೊಡ್ಡಮುನಿಯಮ್ಮ ಕೋಲಾರಮ್ಮನಿಗೆ ಸೀರೆ ಉಡಿಸಿ ಹರಕೆ ತೀರಿಸಿದಳು. "ಅಮ್ಮ ಕಾಪಾಡಿದ್ಳೋ, ಸೂಜಿ ಕಾಪಾಡ್ತೋ?" ಎಂದು ಮುನಿಶಾಮಿ ಕೀಟಲೆ ಮಾಡಿದರೆ, ಆವಲಪ್ಪ, "ಡಾಕ್ಟ್ರಮ್ಮನೇ ಗೊತ್ತಿಲ್ಲ ಅಂದ್ಮೇಲೆ ನಿಂಗೇನ್ಲಾ ಅದು?" ಎಂದು ಒಂದು ಚೀಲ ಕಡಲೆಕಾಯಿಯನ್ನು ನರ್ಸಿಂಗ್ ಹೋಮಿಗೆ ಕೊಟ್ಟು ಬಂದ.

ಮಗುವಿಗೆ ಮೂರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಭಾರತಮ್ಮ ಅದನ್ನು ಹೆಗಲಿಗೆ ಹಾಕಿಕೊಂಡು ಬಂದು, ಜಗಲಿಯಲ್ಲಿ ಮಾವನಿಂದ ಒಂದು ಮಾರು ದೂರ ಕೂತಳು. ಹಿಂದೆಲ್ಲ ಅವನು ಕೂತಿದ್ದರೆ ಅವಳು ಜಗಲಿಗೆ ಬರುತ್ತಿರಲಿಲ್ಲ.

"ಮಾವಾ, ಇದಕ್ಕೂ ಸೂಜಿ ಹಾಕಿಸ್ಬೇಕಂತೆ. ಯಾವತ್ತು ಹೋಗಣ?"

"ನಾಳೆ ಎಂಟು ಗಂಟೆ ಬಸ್ಸಿಗೇ ಹೋಗಣ. ಆಮೇಲೆ ಬಿಸ್ಲು ಏರುತ್ತೆ, ಮಗೂಗೆ ಆಗಲ್ಲ," ಎಂದು ಆವಲಪ್ಪ ಕೈ ಚಾಚಿದ. ಅವಳು ಮಗುವನ್ನು ಅವನ ತೊಡೆಯ ಮೇಲೆ ಮಲಗಿಸಿ, ಒಲೆಯ ಮೇಲಿನ ಹಾಲು ನೋಡಲು ಒಳಗೆ ಹೋದಳು.