ಹಗುರಾದ ತಮಟೆ

ಗೃಹಪ್ರವೇಶದಲ್ಲಿ ಬೆಳಗಿನಿಂದ ತಮಟೆ ಬಡಿದು ದಣಿದಿದ್ದ ದುರ್ಗಯ್ಯ ಶಾಮಿಯಾನದ ಕುರ್ಚಿಯಲ್ಲಿ ಕೂತು ಟೀ ಕುಡಿದ ಅನ್ನುವ ಕಾರಣಕ್ಕೆ ಮೋಹನ್ ಕುಮಾರ್ ಎಳನೀರು ಕೊಚ್ಚುವ ಮಚ್ಚಿನಿಂದ ಅವನ ತಮಟೆ ಸೀಳಿದ. ಮೋಹನ್ ಕುಮಾರ್ ರಂಗಪ್ಪನ ಅಣ್ಣನ ಮಗ. ರಂಗಪ್ಪ ಅಲ್ಲೇ ಇದ್ದ. ಅವನ ಕೈಯಲ್ಲಿ ಎಲೆಅಡಿಕೆ ತಟ್ಟೆ ಇತ್ತು. ತಟ್ಟೆ ಹಿಡಿದುಕೊಂಡೇ ನಿಂತಿದ್ದ.

ಒಂಬತ್ತು ದಿನ ಕಳೆದು ರಂಗಪ್ಪ ತಿಪಟೂರಿಗೆ ಹೋಗಿ ಬ್ಯಾಂಡ್‌ಸೆಟ್ ಸಾಮಾನಿನ ಅಂಗಡಿಯೊಂದರಲ್ಲಿ ನಿಂತ. ಮಂಡಿ ನೋಯುತ್ತಿತ್ತು, ಕಣ್ಣು ಉರಿಯುತ್ತಿತ್ತು. ಅಷ್ಟು ದಿನವೂ ನಿದ್ದೆ ನೆಟ್ಟಗೆ ಹತ್ತಿರಲಿಲ್ಲ. ಅಂಗಡಿಯವನು ಫೈಬರ್ ತಮಟೆಯೊಂದನ್ನು ಎಳೆದು, ಇದನ್ನು ಬೆಂಕಿಗೆ ಕಾಯಿಸುವ ತಂಟೆಯಿಲ್ಲ, ಮಳೆಗೂ ಹೆದರಬೇಕಿಲ್ಲ, ಈಗೆಲ್ಲರೂ ಒಯ್ಯುವುದು ಇದನ್ನೇ ಅಂದ. ಅಂಥದೊಂದನ್ನು ಹಿಂದೆ ಯಾರೋ ಕೊಟ್ಟಾಗ ದುರ್ಗಯ್ಯ ಎರಡೇ ಪೆಟ್ಟು ಹಾಕಿ ಪಕ್ಕಕ್ಕಿಟ್ಟಿದ್ದು ರಂಗಪ್ಪನಿಗೆ ನೆನಪಿತ್ತು. ಇದು ಕಿರುಚ್ತದೆ, ಮಾತಾಡಕಿಲ್ಲ ಅಂದಿದ್ದ. ಒಂದು ಶಾಲು, ಒಂದು ಜೊತೆ ಪಂಚೆ ಕೊಟ್ಟು ಕೈ ತೊಳಕೊಳ್ಳಿ ಅಂತ ಹೆಂಡತಿ ರಾಮಲಕ್ಷ್ಮಮ್ಮ ಹೇಳಿ ಕಳಿಸಿದ್ದಳು. ಶಾಲು ಹೊದ್ದುಕೊಂಡು ಅವನು ಬಡಿಯುವುದಾದರೂ ಏನನ್ನು? ರಂಗಪ್ಪ ಏನೂ ತಗೊಳ್ಳದೆ ಅಂಗಡಿ ಇಳಿದ.

ರಂಗಪ್ಪ, ದುರ್ಗಯ್ಯ ಇಬ್ಬರೂ ಏಳನೇ ಕ್ಲಾಸಿನವರೆಗೆ ಒಂದೇ ಬೆಂಚಿನವರು. ಮೇಷ್ಟ್ರು ಬೋರ್ಡಿನ ಕಡೆ ತಿರುಗಿದರೆ ಸಾಕು, ದುರ್ಗ ಬೆಂಚಿನ ಅಂಚಿನಲ್ಲಿ ಬೆರಳಾಡಿಸುತ್ತಿದ್ದ. ರಂಗನಿಗೆ ಕೂತಲ್ಲೇ ಕಾಲು ಕುಣಿಯುತ್ತಿತ್ತು. ಆಗ ರಂಗಪ್ಪ ಅವನ ಬಾಯಲ್ಲಿ ‘ಲೇ ರಂಗ’. ಮೀಸೆ ಮೂಡುವ ಹೊತ್ತಿಗೆ ‘ರಂಗಪ್ನೋರೆ’ ಆಗಿದ್ದ. ಹಾಗೆ ಕರಿ ಅಂತ ರಂಗಪ್ಪ ಹೇಳಿರಲಿಲ್ಲ. ಬೇಡ ಅಂತಲೂ ಹೇಳಿರಲಿಲ್ಲ.

ಶೆಟ್ಟಿಕೆರೆಯ ಪುಟ್ಟಗಂಗಮ್ಮ ಗಂಡ ಸತ್ತ ಮೇಲೂ ತಮಟೆಗೆ ಚರ್ಮ ಬಿಗಿಯುವುದನ್ನು ಬಿಟ್ಟಿರಲಿಲ್ಲ. ರಂಗಪ್ಪ ಬಸ್ಸಿನಲ್ಲಿ ನಿಂತುಕೊಂಡೇ ಅಲ್ಲಿಗೆ ಹೋದ. ಬಡಿಯೋನು ಎಷ್ಟುದ್ದ ಇದ್ದಾನೆ, ನಿಂತು ಬಡಿಯುತ್ತಾನೋ ಕುಣಿದು ಬಡಿಯುತ್ತಾನೋ ಎಂದೆಲ್ಲ ಮುದುಕಿ ವಿಚಾರಿಸಿದಳು. ರಂಗಪ್ಪ ಒಂದೊಂದನ್ನೂ ಯೋಚಿಸಿ ಹೇಳಿದ. ಹೋದ ವರ್ಷ ತೆಂಗಿನಮರದಿಂದ ಬಿದ್ದು ಅವನ ಎಡ ಭುಜ ಕೆಟ್ಟಿದೆ, ಹಗುರಾಗಿರಬೇಕು. ಹಗ್ಗ ಒತ್ತುತ್ತದೆ, ನೇತುಹಾಕಲು ಅಗಲವಾದ ಬಟ್ಟೆಯ ಪಟ್ಟಿ ಬೇಕು. ದನಿ ಮಾತ್ರ ದಪ್ಪಗಿರಬೇಕು.

"ಇಷ್ಟೆಲ್ಲ ತಿಳ್ಕೊಂಡಿದೀರಲ್ಲ, ಏನಾಗ್ಬೇಕು ಸ್ವಾಮಿ ಅವ್ನು ನಿಮ್ಗೆ?"

"ಸ್ನೇಹಿತ ಕಣವ್ವ."

ಮುದುಕಿ ಅವನ ಇಸ್ತ್ರಿ ಷರಟನ್ನೂ ಮುಖವನ್ನೂ ಒಂದು ಗಳಿಗೆ ನೋಡಿದಳು. ತೆಳು ಬಳೆಯ ಹಗುರಾದ ತಮಟೆಯೊಂದನ್ನು ಆರಿಸಿ, ಹಳೇ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಪಟ್ಟಿ ಹೊಲಿದು ಮುಗಿಸುವಷ್ಟರಲ್ಲಿ ಹೊತ್ತು ವಾಲಿತ್ತು. ತಮಟೆಯನ್ನು ತಂದು ಅಂಗಳದ ನೆಲಕ್ಕಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು. ರಂಗಪ್ಪ ಬಗ್ಗಿ ಎತ್ತಿಕೊಂಡು, ದುಡ್ಡನ್ನು ಜಗಲಿ ಮೇಲಿಟ್ಟ. ಕೇರಿಯವರಿಗೆ ಕೊಡುವುದೂ ಅವರಿಂದ ತಗೊಳ್ಳುವುದೂ ಹೀಗೇ, ಕೈಗೆ ಕೈ ತಾಗದ ಹಾಗೆ. ಹುಟ್ಟಿದಾಗಿನಿಂದ ಕಂಡದ್ದು, ಅದು ಅವನ ಲಕ್ಷ್ಯಕ್ಕೇ ಬರಲಿಲ್ಲ.

ಊರಿಗೆ ಬಂದಾಗ ಇನ್ನೂ ಬಿಸಿಲಿತ್ತು. ಮನೆಗೆ ಹೋಗದೆ ಸೀದಾ ಕೇರಿಗೆ ನಡೆದ. ದುರ್ಗಯ್ಯನ ಹೆಂಡತಿ ಭೈರಮ್ಮ ಬಾಗಿಲಲ್ಲಿ ಕೂತು ರಾಗಿ ಕೇರುತ್ತಿದ್ದಳು. ಅವಳ ಬೆನ್ನ ಹಿಂದೆ ಗೋಡೆಯ ಮೊಳೆಯಲ್ಲಿ ಸೀಳಿದ ತಮಟೆ ನೇತಾಡುತ್ತಿತ್ತು. ತೆಂಗಿನ ಗರಿ ಹೆಣೆಯುತ್ತಿದ್ದ ದುರ್ಗಯ್ಯ ತಲೆಯೆತ್ತಿ ನೋಡಿದವನು ಎದ್ದು ನಿಂತ.

"ಪುಟ್ಟಗಂಗಮ್ಮನ ಕೈಕೆಲ್ಸ," ಅಂದ ತಮಟೆ ನೋಡಿ. ಒಂಬತ್ತು ದಿನದಿಂದ ಬಿಗಿದುಕೊಂಡಿದ್ದ ಅವನ ಮುಖ ಸಡಿಲವಾಯಿತು.

ಭುಜಕ್ಕೆ ಒತ್ತದ ಹಾಗೆ ಪಟ್ಟಿ ಹೊಲಿಸಿದ್ದನ್ನು ರಂಗಪ್ಪ ತೋರಿಸಿದ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತಿನಲ್ಲಿ ಕೊನೆಗೆ ಉಳಿದದ್ದು ಇಷ್ಟೇ: "ಅವತ್ತು ನಾನು ಸುಮ್ಕಿರಬಾರ್ದಿತ್ತು ಕಣ್ಲಾ."

ದುರ್ಗಯ್ಯ ಕೈಯಲ್ಲಿದ್ದ ಗರಿಯನ್ನು ಕೆಳಗಿಟ್ಟ. ಆಮೇಲೆ "ಬುಡಿ ರಂಗಪ್ನೋರೆ," ಅಂದು, ಅಂಗೈಗಳನ್ನು ಚಡ್ಡಿಗೆ ಒರೆಸಿಕೊಂಡು ಎರಡೂ ಕೈ ಮುಂದೆ ಚಾಚಿದ.

ರಂಗಪ್ಪ ಬಗ್ಗಿ ತಮಟೆಯನ್ನು ನೆಲಕ್ಕಿಟ್ಟ. ಇಟ್ಟು ಎರಡು ಹೆಜ್ಜೆ ಹಿಂದೆ ಸರಿದ.

ಭೈರಮ್ಮನ ಮೊರ ನಿಂತಿತು. ದುರ್ಗಯ್ಯನ ಕೈಗಳು ಚಾಚಿದ ಹಾಗೇ ಇದ್ದವು. ಅವನ್ನು ನೋಡಿದ ಮೇಲೇ ರಂಗಪ್ಪನಿಗೆ ತಾನು ಮಾಡಿದ್ದು ಗೊತ್ತಾದದ್ದು. ಈಗ ಮತ್ತೆ ಬಗ್ಗಿ ಎತ್ತಿ ಆ ಕೈಗಳಿಗೆ ಕೊಟ್ಟರಾಯಿತು. ಇರುವುದು ಎರಡೇ ಹೆಜ್ಜೆ. ಭೈರಮ್ಮ ನೋಡುತ್ತಿದ್ದಳು, ಎದುರು ಮನೆಯವರೂ ನೋಡುತ್ತಿದ್ದರು. ರಂಗಪ್ಪ ಬಗ್ಗಲಿಲ್ಲ.

"ಎತ್ಕಳಲಾ," ಅಂದ. "ನಿಂಗೇ ಅಂತ ತಂದಿದ್ದು. ಎತ್ಕೊ."

ದುರ್ಗಯ್ಯ ಕೈಗಳನ್ನು ನಿಧಾನಕ್ಕೆ ಇಳಿಸಿ ಬೆನ್ನ ಹಿಂದೆ ಕಟ್ಟಿಕೊಂಡ.

"ಎತ್ಕಳಾಕಿಲ್ಲ ಕಣ್ಲಾ ರಂಗ."

ಭೈರಮ್ಮನ ಮೊರದಿಂದ ಚೆಲ್ಲಿದ ರಾಗಿಗೆ ಬಂದ ಕೋಳಿಯೊಂದು ಇಬ್ಬರ ನಡುವೆ ಹಾದು ತಮಟೆಯ ಚರ್ಮವನ್ನು ಒಂದು ಸಲ ಕುಕ್ಕಿತು. ದನಿ ದಪ್ಪಗೇ ಇತ್ತು.