ಚನ್ನಮಲ್ಲಮ್ಮನ ಬೆರಳು

ಹೆಣ ಮತ್ತೆ ಎಡಕ್ಕೆ ವಾಲಿತು. ಗೋಡೆಯ ಗೂಟಕ್ಕೆ ಬಿಗಿದಿದ್ದ ಪಂಚೆಯನ್ನು ಅಡವಯ್ಯ ಸಡಿಲಿಸಿ ಇನ್ನೊಂದು ಸುತ್ತು ತಂದ.

“ಭುಜ ಗಟ್ಟಿಯಾಗಿ ಹಿಡ್ಕಳವ್ವ. ಬದುಕಿದ್ದಾಗಲೇ ನಮ್ಮಕ್ಕ ಒಂದ್ ತಾವ ಕುಂತೋಳಲ್ಲ. ಈಗ ಕುಂತ್ಕೊ ಅಂದ್ರೆ ಕುಂತಾಳಾ?”

ಕರಿಬಸಮ್ಮ ತಾಯಿಯ ಭುಜವನ್ನು ಎರಡು ಕೈಯಿಂದಲೂ ಒತ್ತಿ ಹಿಡಿದಳು. ಸುದ್ದಿ ಮುಟ್ಟಿದ ಕೂಡಲೇ ಶಿರಾದಿಂದ, ಪೆಟ್ರೋಲಿಲ್ಲದೆ ಇದ್ದಿಲಲ್ಲಿ ಓಡುವ ಬಸ್ಸು ಹತ್ತಿ ಬಂದವಳು, ಸೀರೆಗೆ ಕೂತ ಮಸಿಯನ್ನೂ ಕೊಡವಿರಲಿಲ್ಲ. ಅಡವಯ್ಯ ಅವಳ ಸೋದರಮಾವ. ತೋವಿನಕೆರೆಯಲ್ಲಿ ಚನ್ನಮಲ್ಲಮ್ಮನಿಗೆ ತನ್ನವರೆಂದು ಉಳಿದಿದ್ದವನು ಅವನೊಬ್ಬನೇ.

ಅಯ್ಯನವರಾದ ಮರುಳಸಿದ್ದಯ್ಯ ಹೆಣದ ಹಣೆಗೆ ವಿಭೂತಿ ಬಳಿದು, ಎಡ ಅಂಗೈಯಲ್ಲಿ ಲಿಂಗ ಇಟ್ಟರು. ಬಲಗೈಯನ್ನು ತೊಡೆಯ ಮೇಲೆ ಚಾಚಲು ಹೋದರೆ ತೋರುಬೆರಳು ಕೊಕ್ಕೆಯ ಹಾಗೆ ಬಾಗಿಕೊಂಡಿತ್ತು. ನೀವಿ ನೋಡಿದರು, ನೇರವಾಗಲಿಲ್ಲ.

“ಬುಡಿ ಅಯ್ನೋರೆ,” ಎಂದಳು ಪಕ್ಕದ ಮನೆಯ ಲಕ್ಕಮ್ಮ, ಹೊಸಿಲಿನ ಆಚೆಯಿಂದಲೇ. “ಊರ ಕೂಸುಗಳ ಬಾಯಿಗೆಲ್ಲ ಹೋಗಿ ಬಂದ ಬೆರಳು ಅದು. ಅಂಗೇ ಮಣ್ಣಾಗ್ಲಿ.”

ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು, ಅಳು ತಡೆಯುವುದಕ್ಕಲ್ಲ. ಕರಿಬಸಮ್ಮನಿಗೆ ಹಳೆಯ ನಾಚಿಕೆ ಮೈಯೆಲ್ಲ ಏರಿ ಬಂತು. ಹೆತ್ತವ್ವನ ಹೆಣದ ಮುಂದೆ ಕೂಡ ಅದು ಬಂತಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

*

ಶಿರಾದ ವರ್ತಕರು ಕಡಲೆಕಾಯಿ ಮೂಟೆಗಳನ್ನು ಹಳ್ಳಿಗೆ ಕಳಿಸಿ ಸುಲಿಸುತ್ತಿದ್ದರು. ಸುಗ್ಗಿ ಮುಗಿದರೆ ಸಾಕು, ಹೆಂಗಸರೆಲ್ಲ ಜಗಲಿಗಳ ಮೇಲೆ ರಾಶಿಯ ಸುತ್ತ ಕೂರುವರು. ಕೈ ಸುಲಿಯುತ್ತಿರುತ್ತದೆ, ಬಾಯಿ ಊರ ಸಮಾಚಾರ ಆಡುತ್ತಿರುತ್ತದೆ, ಕೂಸುಗಳು ಸಿಪ್ಪೆಯ ಮೇಲೆ ಹರಿದಾಡುತ್ತಿರುತ್ತವೆ. ಕರಿಬಸಮ್ಮ ಆಗ ಲಂಗದ ಹುಡುಗಿ. ತಮ್ಮ ರುದ್ರ ಇನ್ನೂ ಅಂಬೆಗಾಲಿಡುತ್ತಿದ್ದ. ಅವನು ಬೀಜ ಬಾಯಿಗೆ ಹಾಕಿಕೊಂಡದ್ದನ್ನು ಯಾರೂ ಕಾಣಲಿಲ್ಲ. ಕೂತವರಲ್ಲಿ ಒಬ್ಬಳು ಮುದ್ದಿಗೆ ಕಚಗುಳಿ ಇಟ್ಟಳು. ರುದ್ರ ಕಿಲಕಿಲನೆ ನಕ್ಕ, ನಗುತ್ತಾ ಕೆಮ್ಮಿದ, ಆಮೇಲೆ ಕೆಮ್ಮೂ ನಿಂತಿತು.

“ಸೋಕು ಕಣಮ್ಮ, ಬೂದಿ ಹಚ್ಚಿ” ಅಂದರು. ಬೂದಿ ಹಚ್ಚಿದರು. ಉಪ್ಪು ನಿವಾಳಿಸಿದರು. ಗುಡಿಯಿಂದ ತೀರ್ಥ ತರಲು ಓಡಿದರು. ಬಾಯೊಳಗೆ ನೋಡಿದವರು ಮಾತ್ರ ಒಬ್ಬರೂ ಇಲ್ಲ. ಕೂಸಿನ ಹೆಣಕ್ಕೆ ನೀರು ಹಾಕುವಾಗ ತುಟಿಯ ಸಂದಿಯಿಂದ ಅರ್ಧ ಬೀಜ ಜಾರಿ ಚನ್ನಮಲ್ಲಮ್ಮನ ಅಂಗೈಗೆ ಬಿತ್ತು. ಇನ್ನರ್ಧ ಎಲ್ಲಿದೆ ಎಂದು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ.

ಅಲ್ಲಿಂದಾಚೆಗೆ ಅವಳಿಗೆ ಅದೇ ಕಸುಬಾಯಿತು. ಸುಲಿಯುವ ಕಾಲ ಬಂತೆಂದರೆ ಪೊರಕೆ ಹಿಡಿದು ಕಂಡವರ ಜಗಲಿ ಹತ್ತುವಳು. ಚೆಲ್ಲಿದ ಬೀಜವನ್ನು ಗುಡಿಸಿ ಮೊರಕ್ಕೆ ತುಂಬುವಳು. ಕೈಗೆ ಸಿಕ್ಕ ಕೂಸನ್ನು ಹಿಡಿದು, “ಬಾಯ್ ಬುಡು ಮಗಾ” ಎಂದು ಬೆರಳು ಬಾಗಿಸಿ ದವಡೆಯ ಮೂಲೆಯವರೆಗೂ ತಡವಿ ನೋಡುವಳು.

“ಹರಿದಾಡೋ ಕೂಸನ್ನ ಸುಲಿಯೋ ತಾವ ಬುಡಬ್ಯಾಡ್ರವ್ವ. ದವಡೆ ಹಲ್ಲು ಬರೋಗಂಟ ಬೀಜ ಕೊಡಬ್ಯಾಡ್ರಿ, ಕೊಟ್ರೆ ಅರೆದು ಕೊಡ್ರಿ. ಬಾಯಾಗೆ ಏನಾರ ಇದ್ದಾಗ ನಗಸ್ಬ್ಯಾಡ್ರಿ, ಅಳಿಸ್ಬ್ಯಾಡ್ರಿ.”

ಹೇಳುವುದು ಇಷ್ಟೇ, ಎಲ್ಲರಿಗೂ ಇದೇ. ಮೊದಮೊದಲು ಜನ ಅಯ್ಯೋ ಪಾಪ ಅಂದರು. ಆಮೇಲೆ ಪೊರಕೆ ಚನ್ನಮಲ್ಲಿ ಎಂದು ಹೆಸರಿಟ್ಟು ನಕ್ಕರು. ನಗುವಿನಲ್ಲೇ ಮುಗಿದಿದ್ದರೆ ಎಷ್ಟೋ ಚೆನ್ನಾಗಿತ್ತು. ಒಂದು ಸಂಜೆ ಲಕ್ಕಮ್ಮನ ಜಗಲಿಯಲ್ಲಿ ಅವಳ ಕೊನೆಯ ಮಗ ಬೀಜದ ರಾಶಿಯ ಮೇಲೆ ಮಲಗಿ ಆಡುತ್ತಿದ್ದುದನ್ನು ಚನ್ನಮಲ್ಲಮ್ಮ ನೋಡಿ, “ಇವನ್ನ ಒಳಕ್ಕೆ ಎತ್ಕಳೇ, ಉಸಿರು ಕಟ್ತದೆ” ಅಂದಳು. ಲಕ್ಕಮ್ಮ ಎತ್ತಿಕೊಳ್ಳಲಿಲ್ಲ, ಕತ್ತಲಾಗುವಷ್ಟರಲ್ಲಿ ಉಸಿರು ಕಟ್ಟಿತು. ಊರು ಇದರಲ್ಲಿ ಕಂಡುಕೊಂಡದ್ದು ಬೀಜದ ತಪ್ಪನ್ನಲ್ಲ, ಚನ್ನಮಲ್ಲಮ್ಮನ ನಾಲಿಗೆಯ ತಪ್ಪನ್ನು.

ಅವಳು ಬೀದಿಗೆ ಬಂದರೆ ತಾಯಂದಿರು ಕೂಸಿನ ಮುಖದ ಮೇಲೆ ಸೆರಗು ಎಳೆದುಕೊಂಡು ಒಳಗೆ ಹೋಗುವರು. ಆ ನಾಲಿಗೆಯ ಮನೆಯ ಹೆಣ್ಣೆಂದು ಸುತ್ತಿನವರು ಯಾರೂ ಕರಿಬಸಮ್ಮನನ್ನು ಕೇಳಿಕೊಂಡು ಬರಲಿಲ್ಲ. ಕೊನೆಗೆ ಶಿರಾಕ್ಕೆ, ಹೆಂಡತಿ ಸತ್ತವನೊಬ್ಬನಿಗೆ ಕೊಟ್ಟರು. ಅವಳಿಗೆ ಮಕ್ಕಳಾಗಲಿಲ್ಲ. ಅದಕ್ಕೂ ಅದೇ ನಾಲಿಗೆ ಕಾರಣವೆಂದರು.

*

ಹೆಣ ಕೂರಿಸಿ ಹೊರುವ ವಿಮಾನಕ್ಕೆ ಹೂವು ಕಟ್ಟಿ ಮುಗಿಯಿತು. ಕೈ ತೊಳೆಯಲು ಕರಿಬಸಮ್ಮ ಹಿತ್ತಲಿಗೆ ಹೋದಾಗ ಅಡವಯ್ಯ ಮೊರದಲ್ಲಿ ಪುರಿ ಸುರಿದು, ಅದಕ್ಕೆ ತೂತಿನ ಕಾಸು ಸೇರಿಸಿ, ಮೇಲೆ ಬೊಗಸೆ ಬೊಗಸೆ ಕಡಲೆಬೀಜ ಹಾಕಿ ಕಲೆಸುತ್ತಿದ್ದ. ತುಂಬು ಆಯಸ್ಸಿನವರ ಹೆಣದ ಮೇಲೆ ಎರಚಿದ ಕಾಸನ್ನು ಕೂಸಿನ ಉಡಿದಾರಕ್ಕೆ ಕಟ್ಟಿ, ಎರಚಿದ ಪುರಿಯನ್ನು ಅದರ ಬಾಯಿಗಿಟ್ಟರೆ ಸತ್ತವರಷ್ಟೇ ಆಯಸ್ಸು ಕೂಸಿಗೂ ಬರುತ್ತದೆಂದು ಅಲ್ಲಿಯವರ ನಂಬಿಕೆ. ಬೀದಿಯಲ್ಲಿ ತಾಯಂದಿರು ಆಗಲೇ ಕೂಸುಗಳನ್ನು ಎತ್ತಿಕೊಂಡು ಸಾಲಾಗಿ ನಿಂತಿದ್ದರು. ಬದುಕಿದ್ದಾಗ ಅವಳ ಕಣ್ಣಿಂದ ಬಚ್ಚಿಟ್ಟ ಕೂಸುಗಳನ್ನು ಸತ್ತ ಮೇಲೆ ಮೆರವಣಿಗೆಗೆ ತಂದಿದ್ದರು.

“ಮಾವ, ಬೀಜ ಯಾಕೆ?”

“ಯುದ್ಧದ ಕಾಲ ಕಣವ್ವ. ಪುರಿ ಎಲ್ಲಿ ಸಿಕ್ತದೆ? ಅಂಗಡಿಯೋನು ಇಷ್ಟೇ ಕೊಟ್ಟ. ಲಕ್ಕಮ್ಮ ಬೀಜ ತಂದು ಸುರಿದ್ಲು, ಮೊರ ತುಂಬ್ತು.”

“ಬ್ಯಾಡ ಮಾವ. ಕೂಸುಗಳ ಬಾಯಿಗೆ ಹಾಕ್ತಾರೆ.”

“ಹಾಕ್ಲಿ ಅಂತಲೇ ಎರಚೋದು.”

“ಅವ್ವ ಸಾಯೋಗಂಟ ಇದನ್ನೇ ಬ್ಯಾಡ ಅಂದ್ಲು. ಅವಳ ತಲೆ ಮ್ಯಾಲೇ ಇದನ್ನ ಎರಚ್ತೀಯಾ?”

ಅಡವಯ್ಯನ ಕೈ ನಿಂತಿತು. ಕೆಟ್ಟವನಲ್ಲ ಅವನು. ಅಕ್ಕನಿಗಾಗಿ ಊರಿನವರ ಹತ್ತಿರ ಎಷ್ಟೋ ಮಾತು ತಿಂದವನು.

“ನೋಡವ್ವ ಕರಿಬಸಿ,” ಎಂದ ಮೆಲ್ಲಗೆ. “ಇಷ್ಟು ವರ್ಷಕ್ಕೆ ಇವತ್ತು ಊರೋರು ಈ ಬಾಗಿಲಿಗೆ ಬಂದವ್ರೆ. ನಮ್ಮಕ್ಕನಿಗೆ ಕೈ ಮುಗಿತಾವ್ರೆ. ಹೊರೋಕೆ ಹೆಗಲು ಕೊಡ್ತೀವಿ ಅಂದವ್ರೆ. ನೀನೂ ನಿಮ್ಮವ್ವನಂಗೆ ಹಟ ಹಿಡ್ಕಂಡ್ರೆ ಎದ್ದು ಹೋಯ್ತಾರೆ. ಆಮ್ಯಾಕೆ ನಾವಿಬ್ರೇ ಹೊರಬೇಕು.”

ಕರಿಬಸಮ್ಮ ಮೊರದ ಮುಂದೆ ಕುಕ್ಕರಗಾಲಲ್ಲಿ ಕೂತು ಬೀಜ ಆರಿಸತೊಡಗಿದಳು. ಪುರಿಯಲ್ಲಿ ಬೆರೆತ ಬೀಜ ಆರಿಸಿದಷ್ಟೂ ಬುಡಕ್ಕೆ ಜಾರುತ್ತಿತ್ತು. ಒಂದು ಹಿಡಿ ಆರಿಸುವಷ್ಟರಲ್ಲಿ ಬೀದಿಯಲ್ಲಿ ತಮಟೆ ಶುರುವಾಯಿತು. ಅಡವಯ್ಯ ಅವಳ ಮುಖ ನೋಡದೆ ಮೊರ ಎತ್ತಿಕೊಂಡು ಹೊರಟ.

ವಿಮಾನ ಎದ್ದಿತು. ಹೂವಿನ ನಡುವೆ ಕೂತು ಚನ್ನಮಲ್ಲಮ್ಮ ಎರಡೂ ಕಡೆಯ ಜಗಲಿಗಳನ್ನು ವಿಚಾರಿಸಿಕೊಂಡು ಹೋಗುವವಳ ಹಾಗೆ ಹೊರಟಳು, ಕೈಯಲ್ಲಿ ಪೊರಕೆಯೊಂದು ಇರಲಿಲ್ಲ ಅಷ್ಟೆ. ಅಡವಯ್ಯ ಎರಚಿದ. ಜನ ಬಗ್ಗಿ ಬಗ್ಗಿ ಹೆಕ್ಕಿದರು.

ಲಕ್ಕಮ್ಮನ ಸೊಸೆ ಸರೋಜಮ್ಮ ಚೊಚ್ಚಲ ಮಗನನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದಳು. ಕೂಸಿನ ಮೈಮೇಲೆ ಉಡಿದಾರವೊಂದೇ. ಲಕ್ಕಮ್ಮ ಧೂಳಿನಲ್ಲಿ ಬಿದ್ದ ಕಾಸು ಆರಿಸಿ ಅದಕ್ಕೆ ಪೋಣಿಸಿದಳು. ಪೋಣಿಸಲಿ ಎಂದೇ ಸರ್ಕಾರದವರು ನಡುವೆ ತೂತು ಬಿಟ್ಟ ಹಾಗಿತ್ತು.

“ಈ ಮುದುಕಿ ಬದುಕಿದಷ್ಟು ನೀನೂ ಬದುಕಪ್ಪ” ಎಂದಳು. ಹೋದ ಮಗನ ನೆನಪಿಗೆ ಅವಳ ದನಿ ನಡುಗಿತು. ಪುರಿ, ಬೀಜ ಎರಡನ್ನೂ ಮೊಮ್ಮಗನ ಬಾಯಿಗಿಟ್ಟಳು.

“ತಮಟೆಯೋನ ಕುಣಿತ ನೋಡೋ, ನೋಡೋ” ಎಂದು ಸರೋಜಮ್ಮ ಕೂಸನ್ನು ಕುಣಿಸಿದಳು. ಕೂಸು ನಕ್ಕಿತು. ಅದರ ಒಂದು ಕೆನ್ನೆ ಉಬ್ಬಿತ್ತು.

ವಿಮಾನದ ಹಿಂದೆ ಬರುತ್ತಿದ್ದ ಕರಿಬಸಮ್ಮ ಸಾಲು ಬಿಟ್ಟು ಈಚೆಗೆ ಬಂದಳು.

“ಕೂಸಿನ ಬಾಯಿ ಒಂದಿಷ್ಟು ತೋರ್ಸವ್ವ” ಎಂದು ಕೈ ಚಾಚಿದಳು. ಅವಳಿಗೆ ಗೊತ್ತಿಲ್ಲದೆಯೇ ತೋರುಬೆರಳು ಬಾಗಿಕೊಂಡಿತ್ತು. ಸರೋಜಮ್ಮ ಆ ಬೆರಳನ್ನು ನೋಡಿ ಬೆಚ್ಚಿ ಹಿಂದೆ ಸರಿದಳು. ಲಕ್ಕಮ್ಮ ನಡುವೆ ಬಂದು ನಿಂತಳು.

“ಮುಟ್ಟಬ್ಯಾಡ ಕಣವ್ವ. ಮಕ್ಕಳಿಲ್ಲದೋಳು ನೀನು, ಹೆಣ ಮುಟ್ಟಿ ಬಂದಿದ್ದೀಯ. ನಿಮ್ಮವ್ವ ನಮ್ಮನೇಲಿ ಒಂದನ್ನ ತಕ್ಕಂಡು ಹೋದ್ಲು, ಸಾಕು.”

“ಬಾಯಾಗೆ ಬೀಜ ಐತೆ ಅತ್ತೆ. ನಗಸ್ಬ್ಯಾಡ್ರಿ. ಉಸಿರು…”

ಮುಂದಿನ ಮಾತನ್ನು ಕರಿಬಸಮ್ಮ ನುಂಗಿಕೊಂಡಳು. ಅಂದರೆ ಶಾಪ, ಅನ್ನದಿದ್ದರೆ ಸಾವು. ಅವ್ವ ಒಂದು ಜೀವಮಾನವಿಡೀ ಎಲ್ಲಿ ನಿಂತಿದ್ದಳೆಂದು ಅವಳಿಗೆ ಈಗ ತಿಳಿಯಿತು. ತಿಳಿದು ಮಾಡುವುದೇನು, ಅವ್ವ ಆಗಲೇ ಬೀದಿಯ ಕೊನೆ ಮುಟ್ಟಿದ್ದಳು.

ಕೂಸು ಕೆಮ್ಮಿತು.

“ನೋಡಿದ್ಯಾ, ಇವಳ ನಾಲಿಗೆ ಮ್ಯಾಲೆ ಬಂತು, ಆಯ್ತು” ಎಂದಳು ಲಕ್ಕಮ್ಮ. ಅವಳ ಮುಖ ಬಿಳಿಚಿಕೊಂಡಿತ್ತು. “ಒಳಕ್ಕೆ ಓಡು ಸರೋಜಿ. ಇವಳ ಕಣ್ಣಿಗೆ ಬೀಳಿಸ್ಬ್ಯಾಡ.”

ಸರೋಜಮ್ಮ ಕೂಸಿನ ಮುಖದ ಮೇಲೆ ಸೆರಗು ಎಳೆದು ಓಣಿಯೊಳಕ್ಕೆ ಓಡಿದಳು. ಕರಿಬಸಮ್ಮ ಲಕ್ಕಮ್ಮನನ್ನು ನೂಕಿ ಬೆನ್ನಿಗೇ ಓಡಿದಳು. “ನಿಲ್ಲವ್ವ, ಬೋರಲು ಹಾಕಿ ಬೆನ್ನಿಗೆ ಗುದ್ದು” ಎಂದು ಕೂಗಿದಳು. ತಮಟೆಯ ಸದ್ದಿನಲ್ಲಿ ಸರೋಜಮ್ಮನಿಗೆ ಕೇಳಿಸಿದ್ದು ಬೆನ್ನಟ್ಟಿ ಬರುವ ಹೆಜ್ಜೆ ಮಾತ್ರ. ಇವಳು ಹತ್ತಿರವಾದಷ್ಟೂ ಅವಳು ಇನ್ನೂ ಜೋರಾಗಿ ಓಡಿದಳು.

ಸೆರಗಿನ ಕೆಳಗೆ ಕೂಸಿನ ಎರಡು ಕಾಲುಗಳು ಗಾಳಿಯನ್ನು ಒದೆಯುತ್ತಿದ್ದವು. ಓಣಿಯ ತಿರುವಿಗೆ ಬರುವಷ್ಟರಲ್ಲಿ ಒದೆಯುವುದನ್ನು ನಿಲ್ಲಿಸಿದವು. ಉಡಿದಾರದ ಕಾಸು ಮಾತ್ರ ಸರೋಜಮ್ಮನ ಓಟಕ್ಕೆ ಸರಿಯಾಗಿ ಅತ್ತ ಇತ್ತ ತೂಗಾಡುತ್ತಲೇ ಇತ್ತು.